ಮಾಮನ ಇಪ್ಪತ್ತಮೂರು ಅಮೆರಿಕದ ಕಾಗದಗಳು

ಮಾಮನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಪ್ಪತ್ತಮೂರು ಕಾಗದಗಳಿದ್ದವು. ಎಣಿಸಿದವಳು ನಾನೇ. 2006ರ ಜನವರಿ 14ರ ದಿನಚರಿಯಲ್ಲಿ ಲೆಕ್ಕ ಹೀಗಿದೆ: ಸಂಬಳದ ಆದೇಶಗಳು ಹನ್ನೊಂದು, ಬ್ಯಾಂಕಿನ ಚೆಕ್ಕುಗಳು ಐದು, ಶೇರುಪತ್ರಗಳು ನಾಲ್ಕು, ವ್ಯಾಪಾರಿಗಳ ಹುಂಡಿ ಚೀಟಿಗಳು ಎರಡು, ಸರ್ಕಾರದ ಸಾಲಪತ್ರ ಒಂದು. ಎಲ್ಲವೂ ಅಮೆರಿಕದವು. ತೀರ ಹೊಸದಕ್ಕೇ ನೂರೈವತ್ತು ವರ್ಷ ದಾಟಿತ್ತು. ತೀರ ಹಳೆಯದು ಆ ದೇಶ ಇನ್ನೂ ಇಂಗ್ಲೆಂಡಿನ ಮೇಲೆ ಯುದ್ಧ ಮಾಡುತ್ತಿದ್ದಾಗಿನದು.

ಮಾಮ ಎಂದರೆ ನನ್ನ ತಾಯಿಯ ಅಣ್ಣ. ಕಾರವಾರದ ಪಕ್ಕದ ಮಾಜಾಳಿಯ ಮೀನುಗಾರರ ಮನೆಯಲ್ಲಿ ಹುಟ್ಟಿ, ದೋಣಿ ಬಿಟ್ಟು ಹಡಗು ಹತ್ತಿದವನು. ಸರಕಿನ ಹಡಗುಗಳಲ್ಲಿ ಖಲಾಸಿಯಾಗಿ ಸೇರಿ, ಕೊನೆಗೆ ಸುಕ್ಕಾಣಿ ಹಿಡಿಯುವವನಾಗಿ ಇಪ್ಪತ್ತಾರು ವರ್ಷ ದುಡಿದ. ನಾನು ಕಾರವಾರದ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ ಮಾಜಾಳಿಯ ಅವನ ಮನೆಯಲ್ಲಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಮಾಮಿ ಅಂಕೋಲೆ ಕಡೆಯವಳು, ನನ್ನ ಅಪ್ಪನ ಊರಿನವಳೇ. ಅವಳ ದೆಸೆಯಿಂದ ಆ ಮನೆಯ ಮಾತು ಕನ್ನಡವಾಗಿತ್ತು. ಮಾಮ ಸಿಟ್ಟು ಬಂದಾಗ ಮಾತ್ರ ಕೊಂಕಣಿಗೆ ತಿರುಗುತ್ತಿದ್ದ. ಮಾಮಿ ಬೆಳಿಗ್ಗೆ ಬುಟ್ಟಿ ತೆಗೆದುಕೊಂಡು ಕಾರವಾರದ ಮೀನುಪೇಟೆಗೆ ಹೋದರೆ ಮಧ್ಯಾಹ್ನ ಎರಡರ ಬಸ್ಸಿಗೆ ಮರಳುತ್ತಿದ್ದಳು.

ಅವನ ಜೊತೆ ಹಡಗಿನಲ್ಲಿದ್ದ ಊರಿನವರೆಲ್ಲ ರಜೆಗೆ ಬರುವಾಗ ಟೇಪ್ ರೆಕಾರ್ಡರ್, ಕೈಗಡಿಯಾರ, ಸೆಂಟಿನ ಬಾಟಲಿ ತರುತ್ತಿದ್ದರಂತೆ. ಮಾಮ ಕಾಗದ ತರುತ್ತಿದ್ದ. ಮೊದಲನೆಯದನ್ನು ಕೊಂಡದ್ದು ಬಾಲ್ಟಿಮೋರ್ ಬಂದರಿನ ಹಿಂದಿನ ಬೀದಿಯ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ. ಮಳೆಗೆ ನಿಂತವನು ಸುಮ್ಮನೆ ಒಂದು ರಟ್ಟಿನ ಡಬ್ಬಿಯೊಳಗೆ ಕೈಹಾಕಿದ. ಯುದ್ಧದಲ್ಲಿ ಸತ್ತ ಒಬ್ಬ ಸಿಪಾಯಿಯ ಬಾಕಿ ಸಂಬಳವನ್ನು ಅವನ ಹೆಂಡತಿಗೆ ಕೊಡಬೇಕೆಂದು ಖಜಾನೆಗೆ ಬರೆದ ಆದೇಶ ಅದು. ಅವಳಿಗೆ ಸಹಿ ಬರುತ್ತಿರಲಿಲ್ಲ. ಕೆಳಗೆ ಒಂದು ಸೊಟ್ಟ ಕತ್ತರಿ ಗುರುತು ಎಳೆದಿದ್ದಳು. ಗುಮಾಸ್ತ ಅದರ ಎಡಕ್ಕೂ ಬಲಕ್ಕೂ ‘ಇದು ಈಕೆಯ ಗುರುತು’ ಎಂದು ಚಂದದ ಅಕ್ಷರದಲ್ಲಿ ಬರೆದಿದ್ದ. ಮಾಮ ಹಡಗಿನಿಂದ ಕಳಿಸುತ್ತಿದ್ದ ಹಣಕ್ಕೆ ಇಲ್ಲಿ ಅಜ್ಜಿ ತಿಂಗಳು ತಿಂಗಳು ಹೆಬ್ಬೆಟ್ಟು ಒತ್ತುತ್ತಿದ್ದಳು. ಅದು ನೆನಪಾಗಿ ಕೊಂಡೆ ಎಂದು ಹೇಳುತ್ತಿದ್ದ. ಆಮೇಲೆ ಅದೇ ಚಟವಾಯಿತು. ಫಿಲಡೆಲ್ಫಿಯಾ, ಬಾಸ್ಟನ್, ಚಾರ್ಲ್ಸ್‌ಟನ್, ಹಡಗು ನಿಂತಲ್ಲೆಲ್ಲ ಹುಡುಕಿದ. ಎಲ್ಲಕ್ಕಿಂತ ದೊಡ್ಡದು ಆ ಸಾಲಪತ್ರ. ಹೊಸ ಸರ್ಕಾರ ತನ್ನ ಯುದ್ಧದ ಸಾಲವನ್ನು ಒಪ್ಪಿಕೊಂಡು ಬರೆದುಕೊಟ್ಟಿದ್ದು. ಕೆಳಗಿದ್ದ ಸಹಿ ಅಲ್ಲಿಯ ಖಜಾನೆಯ ಒಬ್ಬ ದೊಡ್ಡ ಅಧಿಕಾರಿಯದು. ಅದಕ್ಕಾಗಿ ಮಾಮ ಒಂದು ಇಡೀ ಪ್ರಯಾಣದ ಸಂಬಳ ಸುರಿದಿದ್ದ. ಮಾಮಿಗೆ ಅದು ಗೊತ್ತಿತ್ತು.

‘ಮಂದಿ ಗಂಡಂದಿರು ಹಡಗಿಂದ ಬಂದು ಸ್ಲಾಬಿನ ಮನೆ ಕಟ್ಸಿದ್ರು. ನನ್ ಗಂಡ ಯಾರ‍್ದೋ ಸತ್ತವರ ಚೀಟಿ ತಂದ,’ ಎನ್ನುವುದು ಅವಳ ಕಾಯಂ ಮಾತು. ಮನೆಗೆ ಬಂದವರ ಎದುರೂ ಹೇಳುತ್ತಿದ್ದಳು. ಪೇಟೆಯಲ್ಲಿ ಅವಳ ಜೊತೆ ಕೂರುವ ಹೆಂಗಸರು ಮಾಮನನ್ನು ಕಂಡರೆ ‘ಅಮೆರಿಕಾ, ಇವತ್ತು ಯಾವ ಬ್ಯಾಂಕ್ ಕೊಂಡ್ರಿ?’ ಎಂದು ಕೇಳುತ್ತಿದ್ದರು. ಮಾಮ ನಗುತ್ತಿದ್ದ. ಆದರೆ ಮನೆಗೆ ಬಂದವನು ಪೆಟ್ಟಿಗೆಯ ಮುಂದೆ ಸುಮ್ಮನೆ ಕೂತಿದ್ದನ್ನು ನಾನು ಆ ವರ್ಷ ನಾಲ್ಕು ಸಲ ಬರೆದಿಟ್ಟಿದ್ದೇನೆ.

ಜನವರಿಯಲ್ಲಿ ಪಟ್ಟಿ ಮಾಡಲು ನನ್ನನ್ನು ಕೂರಿಸಿದ್ದು ಅವನ ಕಣ್ಣು ಹೋಗುತ್ತಿದ್ದುದರಿಂದ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಓದಿ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಹದಿನೇಳು ಭಾನುವಾರ ಬೇಕಾಯಿತು. ನಿಯಮಗಳಿದ್ದವು. ಕೈ ತೊಳೆದು ಪೂರ್ತಿ ಒಣಗಿಸಬೇಕು. ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಕಾಗದದ ಮೇಲೆ ಬಗ್ಗಿ ಮಾತಾಡಬಾರದು. ಆಗಿನ ಕಾಗದವನ್ನು ಹಳೇ ಬಟ್ಟೆಯ ಚಿಂದಿ ಕೊಳೆಸಿ ಮಾಡುತ್ತಿದ್ದರು, ಅದಕ್ಕೇ ಇಷ್ಟು ಗಟ್ಟಿ ಎಂದು ಅವನೇ ಹೇಳಿದ್ದು. ನನ್ನ ಬೆರಳು ಹಿಡಿದು ಸಾಲಪತ್ರದ ಮೇಲೆ ಆಡಿಸಿ, ಲೇಖನಿ ಒತ್ತಿದ ಕಡೆ ಇರುವ ತಗ್ಗನ್ನು ತೋರಿಸಿದ್ದ. ಸಂಬಳದ ಪ್ರತಿ ಆದೇಶದ ನಡುಮಧ್ಯೆ ಒಂದು ಸೀಳು ಇತ್ತು. ನಾನು ಹುಳ ತಿಂದದ್ದು ಎಂದುಕೊಂಡಿದ್ದೆ. ಹಣ ಕೊಟ್ಟಾದ ಮೇಲೆ ಖಜಾನೆಯವರು ಮತ್ತೆ ಯಾರೂ ಅದನ್ನು ತರದಂತೆ ಹಾಗೆ ಸೀಳುತ್ತಿದ್ದರಂತೆ.

‘ಈ ಗಾಯ ಇದ್ರೇ ಖರೆ, ಭಾಚಿ,’ ಎಂದ. ಅಕ್ಕತಂಗಿಯರ ಮಗಳನ್ನು ಕೊಂಕಣಿಯಲ್ಲಿ ಭಾಚಿ ಎನ್ನುತ್ತಾರೆ. ‘ಖರೆ’ ಎಂದರೆ ನಿಜವಾದದ್ದು. ಆ ಶಬ್ದ ಅವನ ಬಾಯಲ್ಲಿ ಆಗಾಗ ಬರುತ್ತಿತ್ತು.

ಪಟ್ಟಿ ಮುಗಿದ ದಿನ ಅದರ ಕೊನೆಯಲ್ಲಿ ಒಂದು ಖಾಲಿ ಕಾಲಮ್ಮು ಎಳೆಯಲು ಹೇಳಿದ. ಪಣಜಿಯಲ್ಲಿ ಹಳೇ ಕಾಗದ, ಸಹಿಗಳನ್ನು ಬಲ್ಲ ಒಬ್ಬ ಮುದುಕರಿದ್ದಾರೆ, ಅವರಿಗೆ ಪತ್ರ ಬರೆ ಎಂದ. ಮಾರುವುದಕ್ಕೋ ಎಂದು ಕೇಳಿದೆ.

‘ಮಾರೂದಿಲ್ಲ. ತಿಳಿದವನೊಬ್ಬ ಈ ಜಗಲಿ ಮೇಲೆ ಕೂತ್ಕಂಡು, ನಿನ್ ಮಾಮಿ ಎದುರಿಗೆ, ಇವೆಲ್ಲ ಖರೆ ಅಂತ ಒಂದ್ ಮಾತು ಹೇಳ್ಬೇಕು. ಅಷ್ಟ್ ಆದ್ರೆ ನಂಗೆ ಸಾಕು. ಆಮೇಲೆ ಕಣ್ಣು ಇದ್ರೆಂತ, ಹೋದ್ರೆಂತ.’

ಆ ಕಾಲಮ್ಮಿನ ತಲೆಗೆ ‘ಅಭಿಪ್ರಾಯ’ ಎಂದು ಬರೆದೆ. ಮಳೆಯ ಜೋರು ಇಳಿದ ಮೇಲೆ ಆಗಸ್ಟಿನಲ್ಲಿ ಬರುತ್ತೇನೆ ಎಂದು ಪಣಜಿಯಿಂದ ಉತ್ತರ ಬಂತು.

ಇನ್ನು ನಮ್ಮ ಕಡೆಯ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ಅಪ್ಪನ ಊರು ಅಂಕೋಲೆ ತಾಲೂಕಿನ ಕಡಲ ಬದಿಯಲ್ಲಿತ್ತು. ನಾನು ಶಾಲೆಯಲ್ಲಿದ್ದಾಗ ಆ ಊರು ನೌಕಾನೆಲೆಗಾಗಿ ಖಾಲಿಯಾಯಿತು. ನಾವೂ ಮಾಮಿಯ ತವರಿನವರೂ ಪುನರ್ವಸತಿ ಕಾಲನಿಗೆ ಬಂದೆವು. ಪರಿಹಾರ ಸಿಗಲು, ಅಲ್ಲಿದ್ದೆವು ಎಂಬುದಕ್ಕೆ ಕಾಗದ ಬೇಕಾಗಿತ್ತು. ನಮ್ಮ ಮನೆಯ ರಸೀದಿಗಳನ್ನು ಒರಲೆ, ಎಂದರೆ ಗೆದ್ದಲು, ತಿಂದಿತ್ತು; ಮಾಮಿಯ ತಾಯಿಯ ಹೆಬ್ಬೆಟ್ಟು ಒತ್ತಿದ್ದ ಒಪ್ಪಿಗೆಪತ್ರ ಕಡಲಗಾಳಿಯ ತೇವಕ್ಕೆ ಬೂಸು ಹಿಡಿದು, ಆ ಹೆಬ್ಬೆಟ್ಟು ಒಂದು ಕಪ್ಪು ಕಲೆಯಾಗಿತ್ತು. ಆ ಮುದುಕಿ ಎರಡು ವರ್ಷ ಕಚೇರಿಗಳಿಗೆ ನಡೆದು, ತೀರ್ಮಾನವಾಗುವ ಮೊದಲೇ ಸತ್ತಳು. ಆಮೇಲೆ ಇಡೀ ಕಾಲನಿ ಒಂದು ಪಾಠ ಕಲಿಯಿತು. ಬೆಲೆಯುಳ್ಳ ಕಾಗದ ಯಾವುದೇ ಮನೆಗೆ ಬರಲಿ, ಮಾರನೇ ದಿನವೇ ಲ್ಯಾಮಿನೇಶನ್. ರೇಶನ್ ಕಾರ್ಡು, ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಮದುವೆಯ ಕರೆಯೋಲೆ ಕೂಡ. ಅಂಕೋಲೆಯ ಅಂಗಡಿಯವನು ನಮ್ಮ ಕಾಲನಿಯವರನ್ನು ದೂರದಿಂದ ಕಂಡರೇ ಮೆಶಿನ್ ಬಿಸಿಗೆ ಇಡುತ್ತಿದ್ದ. ಪ್ಲಾಸ್ಟಿಕ್ ಹೊದಿಸಿದ ಕಾಗದವನ್ನು ಯಾರೂ ಇಲ್ಲ ಎನ್ನುವಂತಿಲ್ಲ ಎಂಬುದು ನಮ್ಮ ನಂಬಿಕೆ.

ಜುಲೈ 3ರಂದು ಮಾಮನನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆ ಗೋವಾದ ಆಸ್ಪತ್ರೆಗೆ ಸೇರಿಸಿದರು. ಅಮ್ಮ ಜೊತೆಗಿದ್ದಳು. ಆ ವಾರ ಮಳೆ ಬಿಡಲಿಲ್ಲ. 5ನೇ ತಾರೀಕು ಸಂಜೆ ಮಾಮಿ ಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ಒರಲೆಯ ಮಣ್ಣಿನ ಗೆರೆ ಕಂಡಳು. ಗೆರೆ ನೆಲದಿಂದ ಎರಡು ಅಡಿ ಏರಿತ್ತು. ಮಾಮಿ ಪೊರಕೆಯಿಂದ ಅದನ್ನು ಕೆರೆದು, ಸೀಮೆಎಣ್ಣೆ ಹಚ್ಚಿ, ಪೆಟ್ಟಿಗೆಯನ್ನು ಎತ್ತಿ ಮಂಚದ ಮೇಲಿಟ್ಟಳು. ಅವಳು ಆ ಪೆಟ್ಟಿಗೆಯನ್ನು ಮುಟ್ಟಿದ್ದು ನಾನು ಕಂಡಂತೆ ಅದೇ ಮೊದಲು. ಆಮೇಲೆ ಸೊಂಟದ ಚೀಲ ಬಿಚ್ಚಿ ಒಣಮೀನು ಮಾರಿದ ಹಣ ತೆಗೆದು ನನ್ನ ಕೈಗಿಟ್ಟಳು.

‘ತಂಗಿ, ನಾಳೆ ಕಾಲೇಜಿಗೆ ಹೋಗುವಾಗ ಇವನ್ನೂ ತಕಂಡು ಹೋಗು. ಎಲ್ಲದಕ್ಕೂ ಲ್ಯಾಮಿನೇಶನ್ ಮಾಡ್ಸ್ಕಂಡು ಬಾ. ಒಂದೂ ಬಿಡ್ಬೇಡ. ನನ್ ಆಯಿ ಕಾಗದ ಹಾಂಗೆ ಹಾಳಾಯ್ತು. ಇವರ‍್ದಾದ್ರೂ ಉಳೀಲಿ.’

ಮಾಮನಿಗೆ ಒಂದು ಮಾತು ಕೇಳೋಣವೇ ಎಂದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದವನಿಗೆ ಒರಲೆಯ ಸುದ್ದಿ ಹೇಳಿ ತಲೆಬಿಸಿ ಮಾಡುವುದೇಕೆ, ಬಂದ ಮೇಲೆ ನೋಡಿ ಖುಷಿಪಡಲಿ ಎಂದಳು. ನನಗೂ ಅದೇ ಸರಿ ಎನಿಸಿತು. ಅಂಚಿನಲ್ಲಿ ಹಿಡಿ, ಬಗ್ಗಿ ಮಾತಾಡಬೇಡ ಎಂದು ಹದಿನೇಳು ಭಾನುವಾರ ಕೇಳಿದವಳು ನಾನು. ಅಷ್ಟು ಜೋಪಾನ ಮಾಡಬೇಕಾದ ವಸ್ತುವಿಗೆ ಪ್ಲಾಸ್ಟಿಕ್ಕಿಗಿಂತ ದೊಡ್ಡ ಜೋಪಾನವಿಲ್ಲ ಎಂದೇ ನಂಬಿದ್ದೆ.

ಕಾರವಾರದ ಅಂಗಡಿಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿದ್ದುದರಿಂದ ಮೂರು ದಿನ ಬೇಕಾಯಿತು. ಜುಲೈ 6ರಂದು ಒಂಬತ್ತು, 7ರಂದು ಎಂಟು, 10ರಂದು ಆರು. ಪ್ರತಿಯೊಂದೂ ಬಿಸಿ ರೋಲರಿನಿಂದ ಹೊರಬರುವಾಗ ಶಾಯಿ ಮೊದಲಿಗಿಂತ ಕಪ್ಪಾಗಿ, ಸ್ಪಷ್ಟವಾಗಿ ಕಾಣುತ್ತಿತ್ತು. ‘ಮೊದಲಿಗಿಂತ ಚೆನ್ನಾಗಿದೆ’ ಎಂದು ನಾನು ಬರೆದಿದ್ದೇನೆ. ಸಾಲಪತ್ರ ಅಂಗಡಿಯವನ ದೊಡ್ಡ ಪ್ಲಾಸ್ಟಿಕ್ ಲಕೋಟೆಗಿಂತ ಅಗಲವಿತ್ತು. ಅಂಚಿನಲ್ಲಿ ಬರಹವೇನೂ ಇಲ್ಲವಲ್ಲ ಎಂದು ಅವನು ಅರ್ಧ ಇಂಚು ಕತ್ತರಿಸಿದ. ಕತ್ತರಿಸಿದ ಆ ಅಂಚನ್ನು ಎಸೆಯಲು ಮನಸ್ಸಾಗದೆ ದಿನಚರಿಯೊಳಗೆ ಇಟ್ಟುಕೊಂಡೆ.

ಮಾಮ 15ರಂದು ಮನೆಗೆ ಬಂದ. ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿನಲ್ಲಿ ಬೆಳಕು, ನೆರಳು ತಿಳಿಯುತ್ತಿತ್ತು, ಅಷ್ಟೆ. ಮೂರನೇ ದಿನ ಜಗಲಿಯಲ್ಲಿ ಕೂತವನು ಕೈ ತೊಳೆದು, ಟವೆಲ್ಲಿನಿಂದ ಬೆರಳು ಬೆರಳು ಒರೆಸಿಕೊಂಡು, ಸಾಲಪತ್ರ ಕೊಡು ಎಂದ. ನಾನು ಕೊಟ್ಟೆ. ಅವನ ಹೆಬ್ಬೆರಳು ಸಹಿ ಇರುವ ಜಾಗಕ್ಕೆ ತಾನಾಗಿ ಹೋಯಿತು, ಜಾರಿತು. ಮತ್ತೆ ಹೋಯಿತು. ಹಾಳೆಯನ್ನು ತಿರುಗಿಸಿ ನಾಲ್ಕೂ ಅಂಚು ಮುಟ್ಟಿದ. ಕಿವಿಯ ಬಳಿ ಹಿಡಿದು ಸ್ವಲ್ಪ ಬಗ್ಗಿಸಿದ. ಪ್ಲಾಸ್ಟಿಕ್ ಚಟಚಟ ಎಂದಿತು.

‘ಎಲ್ಲಾ ಹೀಂಗೇ ಮಾಡ್ಸಿದ್ಯಾ?’

‘ಎಲ್ಲಾ. ಇಪ್ಪತ್ತಮೂರೂ.’

‘ಯಾರು ಹೇಳಿದ್ದು?’

‘ಮಾಮಿ. ದುಡ್ಡೂ ಅವರೇ ಕೊಟ್ಟದ್ದು. ಒರಲೆ ಬಂದಿತ್ತು.’

ಅವನು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡ. ಒಳಗೆ ಮಾಮಿ ಕಾಯಿ ತುರಿಯುವ ಸದ್ದು ಕೇಳುತ್ತಿತ್ತು. ಅವಳು ದುಡ್ಡು ಕೊಟ್ಟಳೇ ಎಂದು ಇನ್ನೊಮ್ಮೆ ಕೇಳಿದ. ಹೌದೆಂದೆ. ಆಮೇಲೆ ಒಳಗಿನ ಕಡೆ ಮುಖ ತಿರುಗಿಸಿ, ‘ಏ, ಚಂದ ಮಾಡ್ಸಿದೀ ನೋಡು,’ ಎಂದ.

‘ಮತ್ತೆ?’ ಎಂದಳು ಮಾಮಿ ಒಳಗಿನಿಂದಲೇ. ‘ನಿಮ್ ಅಮೆರಿಕಾ ಇನ್ನ ನೂರ್ ವರ್ಷ ಬಾಳಿಕೆ ಬತ್ತದೆ.’

ಮಾಮ ನಕ್ಕ. ಅದನ್ನೂ ನಾನು ಬರೆದಿದ್ದೇನೆ: ‘ಮಾಮನಿಗೆ ಖುಷಿಯಾಯಿತು.’ ಆ ವಾಕ್ಯವನ್ನು ಹೊಡೆದುಹಾಕಿಲ್ಲ, ಹಾಗೇ ಇದೆ.

ಪಣಜಿಯವರು ಬಂದದ್ದು ಆಗಸ್ಟ್ 6, ಭಾನುವಾರ, ಬೆಳಿಗ್ಗೆ ಹತ್ತೂವರೆಗೆ. ಬಿಳಿ ಅಂಗಿಯ, ತೆಳ್ಳಗಿನ ಮನುಷ್ಯ. ಕೈಚೀಲದಲ್ಲಿ ಹತ್ತಿಯ ಕೈಗವಸು, ಎರಡು ಬಗೆಯ ಭೂತಗನ್ನಡಿ. ಮಾಮಿ ಅಂದು ಪೇಟೆಗೆ ಹೋಗದೆ ಅವರಿಗಾಗಿ ಸಿಗಡಿ ತರಿಸಿದ್ದಳು. ಅವರು ಹೊರಗಿನಿಂದ ಬಂದು ಪಣಜಿಯಲ್ಲಿ ನೆಲೆಸಿದವರು, ಕೊಂಕಣಿ ಬರುತ್ತಿರಲಿಲ್ಲ; ಹಾಗಾಗಿ ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದರು. ಮಾಮನದು ಹಡಗಿನ ಇಂಗ್ಲಿಷು, ಆದರೆ ತಡವರಿಕೆ ಇರಲಿಲ್ಲ. ನಾನು ಪಟ್ಟಿ ಹಿಡಿದು ಪಕ್ಕದಲ್ಲಿ ಕೂತಿದ್ದೆ. ಅಭಿಪ್ರಾಯದ ಕಾಲಮ್ಮು ತುಂಬಲು ಪೆನ್ನಿನ ಮುಚ್ಚಳ ತೆಗೆದಿಟ್ಟಿದ್ದೆ.

ಪೆಟ್ಟಿಗೆ ತೆರೆದಾಗ ಅವರು ಹಾಕಿಕೊಳ್ಳುತ್ತಿದ್ದ ಕೈಗವಸನ್ನು ಅರ್ಧಕ್ಕೇ ನಿಲ್ಲಿಸಿದರು. ಮೊದಲ ಹಾಳೆ ಎತ್ತಿದರು, ಎರಡನೆಯದು, ಮೂರನೆಯದು. ಆಮೇಲೆ ಸಾಲಪತ್ರ. ಅವರ ದನಿ ಏರಿತು. ಯಾರು ಮಾಡಿದ ಕೆಲಸ ಇದು ಎಂದು ಕೇಳಿದರು. ಇದು ಇನ್ನೂರು ವರ್ಷ ಬದುಕಿದ ಕಾಗದ, ಇದಕ್ಕೆ ಯಾವ ರಕ್ಷಣೆಯೂ ಬೇಕಿರಲಿಲ್ಲ. ಈಗ ಶಾಯಿಯೂ ಅಂಟೂ ಒಂದಾಗಿವೆ, ಬಿಡಿಸಲು ಹೋದರೆ ಅಕ್ಷರವೇ ಕಿತ್ತುಬರುತ್ತದೆ. ಇನ್ನು ಇದು ಯಾವ ಸಂಗ್ರಹಕ್ಕೂ ಸಲ್ಲುವುದಿಲ್ಲ ಎಂದರು. ಕೈಯಲ್ಲಿದ್ದ ಪ್ಲಾಸ್ಟಿಕ್ ಹಾಳೆಯನ್ನು ಬೆರಳಿನಿಂದ ಟಕಟಕ ಬಡಿಯುತ್ತಿದ್ದರು. ದಿನಚರಿಯಲ್ಲಿದ್ದ ಆ ಕತ್ತರಿಸಿದ ಅಂಚು ನೆನಪಾಗಿ, ತೆಗೆದು ಅವರ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಮೆಲ್ಲಗೆ ಮುಟ್ಟಿದರು. ದನಿ ಇಳಿಯಿತು. ಇದು ನಿಜವಾದದ್ದು, ಪೂರ್ತಿ ನಿಜವಾದದ್ದು ಎಂದು ಎರಡು ಸಲ ಹೇಳಿ ಅದನ್ನು ಮಾಮನ ಅಂಗೈಯಲ್ಲಿಟ್ಟರು.

ಆಗ ಮಾಮಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚಹದ ತಟ್ಟೆ. ಅವಳಿಗೆ ಇಂಗ್ಲಿಷ್ ತಿಳಿಯುತ್ತಿರಲಿಲ್ಲ. ಏರಿದ ದನಿ ಕೇಳಿ ಬಂದವಳು ಪ್ಲಾಸ್ಟಿಕ್ ಬಡಿದ ಬೆರಳನ್ನು ನೋಡಿದ್ದಳು.

‘ಎಂತಾಯ್ತು? ಅವರು ಎಂತಕ್ಕೆ ಜೋರು ಮಾಡ್ತ್ರು? ನಾ ಪ್ಲಾಸ್ಟಿಕ್ ಹಾಕ್ಸಿದ್ದು ತಪ್ಪಾಯ್ತಾ?’

ಅವಳ ಮುಖ ಹೇಗಿತ್ತೆಂದು ಮಾಮನಿಗೆ ಕಾಣುವಂತಿರಲಿಲ್ಲ. ಅವನು ಅಂಗೈ ಮುಚ್ಚಿಕೊಂಡ.

‘ನೀ ಎಂತ ತಪ್ಪ್ ಮಾಡಿದೆ? ಎಲ್ಲಾ ಖೋಟಾ ಅಂತೆ. ನಂಗೆ ಅಲ್ಲಿ ಟೋಪಿ ಹಾಕಿದ್ರು. ಖೋಟಾ ಕಾಗದಕ್ಕೆ ಪ್ಲಾಸ್ಟಿಕ್ ಹಾಕಿದ್ರೆಂತ, ಬಿಟ್ರೆಂತ. ಇದನ್ನ ನೋಡೂಕೆ ಅಷ್ಟ್ ದೂರದಿಂದ ಕರ‍್ಸಿದ್ರಲ್ಲಾ ಅಂತ ಸಿಟ್ಟು ಅವರಿಗೆ.’

ಮಾಮಿ ತಟ್ಟೆ ಕೆಳಗಿಟ್ಟಳು. ‘ನಾ ಮೊದಲಿಂದ ಎಂತ ಹೇಳ್ತಿದ್ದೆ?’ ಎಂದಳು. ಬೈದಂತೆ ಇರಲಿಲ್ಲ, ಒಂದು ದೊಡ್ಡ ಹೊರೆ ಇಳಿಸಿದವಳ ದನಿ. ಪಣಜಿಯವರಿಗೆ ಮಾತು ತಿಳಿಯದಿದ್ದರೂ ಖೋಟಾ ಎಂಬ ಶಬ್ದ ತಿಳಿಯದೇ ಇರಲಿಲ್ಲ. ಅವರು ಮಾಮನನ್ನು ನೋಡಿದರು, ಬಾಗಿಲಿನಲ್ಲಿದ್ದ ಹೆಂಗಸನ್ನು ನೋಡಿದರು, ಚಹ ಎತ್ತಿಕೊಂಡರು. ಹೋಗುವಾಗ ಮಾಮನ ಕೈಯನ್ನು ಎರಡೂ ಕೈಯಿಂದ ಹಿಡಿದು ತುಸು ಹೊತ್ತು ನಿಂತರು. ಊಟಕ್ಕೆ ನಿಲ್ಲಲಿಲ್ಲ.

ಅಂದು ಮಧ್ಯಾಹ್ನ ಮಾಮ ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ ಖೋಟಾ ಎಂದು ಬರೆ ಎಂದ. ಬರೆಯಲಾರೆ ಎಂದೆ. ‘ಬರಿ. ನನ್ ಮೇಲೆ ಆಣೆ. ಅವಳ ಜನ್ಮದಲ್ಲಿ ಒಂದೇ ಸಲ ಈ ಕಾಗದಕ್ಕೆ ಮರುಗಿದ್ದು ಅವಳು. ಅದ್ರಿಂದ್ಲೇ ಹೋಯ್ತು ಅಂತ ಅವಳಿಗೆ ಗೊತ್ತಾಗೂದು ಬೇಡ.’ ಇಪ್ಪತ್ತಮೂರು ಸಲ ಬರೆದೆ. ಪಟ್ಟಿಯನ್ನು ನನಗೇ ಮರಳಿ ಕೊಟ್ಟು, ನೀನೇ ಇಟ್ಟುಕೋ ಎಂದ.

ಸುದ್ದಿ ಒಂದೇ ವಾರದಲ್ಲಿ ಮೀನುಪೇಟೆ ದಾಟಿ ಊರೆಲ್ಲ ಹರಡಿತು. ‘ಖೋಟಾ ಅಮೆರಿಕಾ’ ಎಂಬ ಹೆಸರು ನಿಂತಿತು. ಮಾಮಿ ಮಾತ್ರ ಅವನಿಗೆ ಮೊದಲಿಗಿಂತ ಮೆದುವಾದಳು. ಮೋಸ ಹೋದವನೆಂದು ಕನಿಕರ. ಹಾಳೆಗಳನ್ನು ಬಿಸಿ ಪಾತ್ರೆಯಡಿ ಇಡಲು, ಹಿಟ್ಟಿನ ಡಬ್ಬಿ ಮುಚ್ಚಲು ಬಳಸಿದಳು. ಸಿಪಾಯಿಯ ಹೆಂಡತಿಯ ಗುರುತಿದ್ದ ಹಾಳೆಯ ಮೇಲೆ ಸಾರಿನ ಪಾತ್ರೆಯ ದುಂಡನೆಯ ಕಲೆ ಬಿತ್ತು. ಮಾಮ ಊಟಕ್ಕೆ ಕೂತಾಗ ಅವನ ಕೈ ಅದಕ್ಕೆ ತಾಗುತ್ತಿತ್ತು. ಒಂದು ದಿನವೂ ಏನೂ ಹೇಳಲಿಲ್ಲ.

ಅವನು ತೀರಿಕೊಂಡದ್ದು 2008ರ ಫೆಬ್ರವರಿ 19ರಂದು. ಹದಿಮೂರನೇ ದಿನದ ಕೆಲಸ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಮಾಮಿ ಬಚ್ಚಲೊಲೆಗೆ ಬೆಂಕಿ ಹಾಕಿ ನನ್ನನ್ನು ಕರೆದಳು. ಹಾಳೆಗಳನ್ನೆಲ್ಲ ಒಂದೆಡೆ ಒಟ್ಟಿದ್ದಳು.

‘ತಂಗಿ, ಆ ಪಣಜಿ ಮನಶಾ ಹೋಗುವಾಗ ನಿನ್ ಮಾಮನ ಕೈ ಹಿಡ್ಕಂಡು ನಿಂತಿದ್ದ. ಖೋಟಾ ಮಾಲು ಇಟ್ಕಂಡವನ ಕೈ ಯಾರಾದ್ರೂ ಹಾಂಗೆ ಹಿಡೀತ್ರಾ?’

ಕಣ್ಣು ಕಾಣದವನೆಂದು ಪಾಪ ಅನಿಸಿರಬೇಕು ಎಂದೆ.

‘ಹಾಂಗಾದ್ರೆ ಇವೆಲ್ಲ ಖೋಟಾನೇ ಹೌದು?’

‘ಹೌದು ಮಾಮಿ.’

‘ಒಲೆಗೆ ಹಾಕ್ಲಾ?’

ಅವಳು ಹಾಳೆಗಳನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಬೇಡ ಎಂದರೆ ಎಲ್ಲವೂ ತಿಳಿದುಹೋಗುತ್ತಿತ್ತು. ಹಾಕಿ ಎಂದೆ. ಅವಳು ಮೊದಲನೆಯದನ್ನು ಹಾಕಿ ಕಾದಳು. ಪ್ಲಾಸ್ಟಿಕ್ ಸುರುಟಿ, ಕರಗಿ, ಆಮೇಲೆ ಒಳಗಿನ ಕಾಗದ ಹೊತ್ತಿಕೊಂಡಿತು. ನಾನು ಬೇರೆ ಕಡೆ ತಿರುಗಲಿಲ್ಲ. ಎರಡನೆಯದು ಹಾಕಿದಳು. ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು ಬರುತ್ತಿತ್ತು. ಸಾಲಪತ್ರ ಹನ್ನೆರಡನೆಯದು. ಇಪ್ಪತ್ತಮೂರನೆಯದು ಹಾಕಿದ ಮೇಲೆ ಅವಳು ಕೈ ಝಾಡಿಸಿ, ‘ಎಂಥಾ ವಾಸನೆ,’ ಎಂದು ಹೊರಗೆ ಹೋಗಿ ತುಳಸಿಕಟ್ಟೆಯ ಬಳಿ ನಿಂತಳು. ಮಧ್ಯಾಹ್ನದವರೆಗೆ ಒಳಗೆ ಬರಲಿಲ್ಲ.

ಮಾಮಿಗೆ ಓದಲು ಬಾರದು. ಅದಕ್ಕೇ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ. ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ ಖೋಟಾ ಎಂಬುದು ಇಂದಿಗೂ ಇಪ್ಪತ್ತಮೂರು ಸಲ ಇದೆ. ಅಂಗೈಯಲ್ಲಿ ಮುಚ್ಚಿಕೊಂಡಿದ್ದ ಆ ಅರ್ಧ ಇಂಚಿನ ಕಾಗದವನ್ನು ಮಾಮ ಕೊನೆಯವರೆಗೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬೆರಳಾಡಿಸುತ್ತಿದ್ದ. ಅವನನ್ನು ಸ್ನಾನ ಮಾಡಿಸುವ ಮೊದಲು ಜೇಬಿನಿಂದ ತೆಗೆದವಳು ನಾನು. ಅದು ಈಗ ದಿನಚರಿಯಲ್ಲಿ, ಜುಲೈ 10ರ ಪುಟದಲ್ಲಿದೆ. ಅಂಚು ಸ್ವಲ್ಪ ಮೆತ್ತಗಾಗಿದೆ. ಅದರ ಮೇಲೆ ಒಂದು ಅಕ್ಷರವೂ ಇಲ್ಲ.